ಸಂದು ಗಟ್ಟಿಯಾದರೆ ರಾಕೆಟ್ಟು ಗಟ್ಟಿ

ಅಮೆರಿಕದಲ್ಲಿ ಆಳೆತ್ತರಕ್ಕೂ ಮಿಗಿಲಾದ ರಾಕೆಟ್ಟುಗಳನ್ನು ತಾವೇ ಕಟ್ಟಿ ಹಾರಿಸುವ ಹವ್ಯಾಸಿಗಳಿದ್ದಾರೆ. 1964ರಲ್ಲಿ ಆರಂಭವಾದ ಟ್ರಿಪೊಲಿ ಸಂಘವು ಅವರಿಗೆ ಸುರಕ್ಷತೆಯ ನಿಯಮಗಳನ್ನು ಹಾಕಿಕೊಟ್ಟಿದೆ. ಇಂಥ ರಾಕೆಟ್ಟಿನ ಒಡಲು ಒಂದೇ ಕೊಳವೆಯಲ್ಲ; ಎರಡು ಕೊಳವೆಗಳು ಕೂಡುವೆಡೆಯಲ್ಲಿ ಎರಡರೊಳಗೂ ಹೊಕ್ಕು ನಿಲ್ಲುವ ಕಿರುಗೊಳವೆಯೊಂದಿರುತ್ತದೆ. ಇದೇ ಕಪ್ಲರು. ಇದರ ಬಲ ಎಲ್ಲಿದೆಯೆಂಬುದನ್ನು ನಾವು ಈ ಪಾಠದಲ್ಲಿ ನೋಡೋಣ.

ಎಂಜಿನ್ನಿನ ನೂಕನ್ನು ಕೊಳವೆಗಳ ಅಂಚುಗಳು ಹೊರಬೇಕು. ಆದಕಾರಣ ಅವನ್ನು ಮೂಲೆಮಟ್ಟಕ್ಕೆ ಕತ್ತರಿಸಿ, ಒಂದಕ್ಕೊಂದು ಪೂರ್ತಿ ತಾಗುವಂತೆ ಕೂಡಿಸಬೇಕು. ಕಪ್ಲರಿನ ಕೆಲಸ ಬೇರೆ. ಅಡ್ಡಗಾಳಿಗೆ ರಾಕೆಟ್ಟು ಓರೆಯಾದಾಗ ಒಡಲು ಸಂದಿನಲ್ಲಿ ಬಾಗಲು ನೋಡುತ್ತದೆ. ಅದನ್ನು ತಡೆಯುವುದು ಕಪ್ಲರು. ಎರಡು ಬಿದಿರುಕೋಲುಗಳನ್ನು ಬೆರಳುದ್ದ ಸೇರಿಸಿ ಕಟ್ಟಿದರೆ ಅಲುಗುತ್ತವೆ, ಗೇಣುದ್ದ ಸೇರಿಸಿದರೆ ನಿಲ್ಲುತ್ತವೆಯಲ್ಲವೆ? ಇಲ್ಲಿಯೂ ಹಾಗೆಯೇ. ಒಳಹೊಕ್ಕ ಉದ್ದ ಇಮ್ಮಡಿಯಾದರೆ ಸಂದನ್ನು ಒತ್ತುವ ಬಲ ಸುಮಾರು ಅರ್ಧಕ್ಕಿಳಿಯುತ್ತದೆ. ಪ್ರತಿ ಪಕ್ಕಕ್ಕೂ ಕೊಳವೆಯ ವ್ಯಾಸದಷ್ಟಾದರೂ ಒಳಹೋಗಬೇಕೆಂಬುದು ರೂಢಿಯ ನಿಯಮ: 15 ಸೆಂಟಿಮೀಟರು ವ್ಯಾಸಕ್ಕೆ 30 ಸೆಂಟಿಮೀಟರು ಕಪ್ಲರು.

ಕಪ್ಲರು ಕೈಯಿಂದ ನೂಕಿದರೆ ಜಾರಬೇಕು, ಆದರೆ ಅಲುಗಬಾರದು. ತುದಿಗಳಿಗೆ ಪ್ಲೈವುಡ್ಡಿನ ಬಿಲ್ಲೆ ಕೂಡಿಸಿದರೆ ದುಂಡು ಕೆಡದು. ಅಂಟಿಸುವ ಪಕ್ಕವನ್ನು ಉಪ್ಪುಕಾಗದದಿಂದ ತಿಕ್ಕಿ ಎಪಾಕ್ಸಿ ಹಚ್ಚಬೇಕು. ಪ್ಯಾರಾಶೂಟು ಹೊರಬರುವ ಪಕ್ಕಕ್ಕೆ ಅಂಟು ಸಲ್ಲದು. ಅಲ್ಲಿ ನೈಲಾನಿನ ಸಣ್ಣ ತಿರುಪುಗಳಿರುತ್ತವೆ. ಮದ್ದಿನ ಒತ್ತಡಕ್ಕೆ ಅವು ತುಂಡಾಗಿ ದಾರಿಬಿಡುತ್ತವೆ.

ಕಡೆಯದಾಗಿ ಒಂದು ಪರೀಕ್ಷೆ. ಕೂಡಿಸಿದ ಒಡಲನ್ನು ಎರಡು ತುದಿಗಳಲ್ಲಿ ಆನಿಸಿ ನಡುವೆ ಮೆಲ್ಲನೆ ಒತ್ತಿ ನೋಡಬೇಕು. ಸಂದು ಬಾಗಿದರೆ ಹಾರಿಸಲಾಗದು. ನೆಲದ ಮೇಲಿನ ಅಲುಗಾಟವೇ ಆಕಾಶದಲ್ಲಿ ಮುರಿತವಾಗುತ್ತದೆ. ಮುರಿದ ತುಂಡು ನೋಡಲು ನಿಂತವರ ತಲೆಯ ಮೇಲೆಯೇ ಬೀಳಬಹುದು. ಕಾರ್ಖಾನೆಯಲ್ಲಿ ಪೈಪು ಜೋಡಿಸಿ ಬಲ್ಲ ನಮ್ಮ ವಾಚಕರಿಗೆ ಈ ಮಾತು ಹೊಸದಲ್ಲ.