ರೈಲು ನಿಲ್ದಾಣಗಳ ವರ್ಗೀಕರಣ: ಆಧಾರವೇನು, ಪ್ರಯೋಜನವೇನು?

ಭಾರತೀಯ ರೈಲ್ವೆಯ ಜಾಲದಲ್ಲಿ ಏಳು ಸಾವಿರಕ್ಕೂ ಹೆಚ್ಚು ನಿಲ್ದಾಣಗಳಿವೆ. ದಿನವೂ ಲಕ್ಷಾಂತರ ಜನರು ಹತ್ತಿ ಇಳಿಯುವ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಒಂದು ತುದಿಯಾದರೆ, ಒಂದೆರಡು ಪ್ಯಾಸೆಂಜರ್ ಗಾಡಿಗಳು ಮಾತ್ರ ನಿಲ್ಲುವ ಹಳ್ಳಿಯ ಹಾಲ್ಟ್ ಇನ್ನೊಂದು ತುದಿ. ಇವೆಲ್ಲಕ್ಕೂ ಒಂದೇ ಪ್ರಮಾಣದ ಸೌಲಭ್ಯ ಒದಗಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಯಾವ ನಿಲ್ದಾಣಕ್ಕೆ ಎಷ್ಟು ಸೌಲಭ್ಯ ಸಲ್ಲಬೇಕು ಎಂಬುದನ್ನು ನಿರ್ಧರಿಸಲು ರೈಲ್ವೆ ಆಡಳಿತವು ನಿಲ್ದಾಣಗಳನ್ನು ವರ್ಗಗಳಾಗಿ ವಿಂಗಡಿಸಿದೆ. ಈ ವಿಂಗಡಣೆಯು ನಿಲ್ದಾಣಕ್ಕೆ ಕೊಡುವ ಬಿರುದಲ್ಲ. ಅಲ್ಲಿಗೆ ಬರುವ ಪ್ರಯಾಣಿಕನಿಗೆ ದೊರೆಯಬೇಕಾದ ಸೌಕರ್ಯಗಳ ಅಳತೆಗೋಲು.

ಹೆಸರು ಬೇರೆ, ವರ್ಗ ಬೇರೆ

ನಿಲ್ದಾಣದ ಹೆಸರಿನೊಡನೆ ಕಾಣುವ ‘ಜಂಕ್ಷನ್’, ‘ಟರ್ಮಿನಸ್’ ಮೊದಲಾದ ಪದಗಳನ್ನು ವರ್ಗದ ಸೂಚನೆಯೆಂದು ತಿಳಿಯಬಾರದು. ಮೂರು ಅಥವಾ ಹೆಚ್ಚು ದಿಕ್ಕುಗಳ ಮಾರ್ಗಗಳು ಕೂಡುವ ಸ್ಥಳ ಜಂಕ್ಷನ್. ಮಾರ್ಗ ಕೊನೆಗೊಳ್ಳುವ ಸ್ಥಳ ಟರ್ಮಿನಸ್. ಕಲಬುರಗಿ ಜಿಲ್ಲೆಯ ವಾಡಿ ಇದಕ್ಕೆ ಉತ್ತಮ ನಿದರ್ಶನ. ಮುಂಬಯಿ-ಚೆನ್ನೈ ಮಾರ್ಗದಲ್ಲಿರುವ ಈ ಸಣ್ಣ ಊರಿನಿಂದ 1874ರಲ್ಲಿ ಸಿಕಂದರಾಬಾದಿನ ಕಡೆಗೆ ನಿಜಾಮ ಸಂಸ್ಥಾನದ ರೈಲು ಮಾರ್ಗ ಆರಂಭವಾಯಿತು. ಅಂದಿನಿಂದ ವಾಡಿ ಹೆಸರಾಂತ ಜಂಕ್ಷನ್. ಆದರೆ ಅಲ್ಲಿ ಮಾರ್ಗಗಳು ಕೂಡುತ್ತವೆ ಎಂಬುದನ್ನಷ್ಟೇ ಆ ಪದ ತಿಳಿಸುತ್ತದೆ. ಎಷ್ಟು ಮಂದಿ ಅಲ್ಲಿ ಗಾಡಿ ಹತ್ತುತ್ತಾರೆ ಎಂಬುದನ್ನು ತಿಳಿಸುವುದಿಲ್ಲ.

ಗಾಡಿಗಳ ಸುರಕ್ಷಿತ ಸಂಚಾರಕ್ಕಾಗಿ ಮಾಡಿದ ಬೇರೊಂದು ವರ್ಗೀಕರಣವೂ ಇದೆ. ರೈಲ್ವೆಯ ಸಾಮಾನ್ಯ ನಿಯಮಗಳ ಪ್ರಕಾರ ನಿಲ್ದಾಣಗಳು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆ. ಮೊದಲ ಮೂರು ‘ಬ್ಲಾಕ್’ ನಿಲ್ದಾಣಗಳು. ಹಿಂದಿನ ನಿಲ್ದಾಣದಿಂದ ಗಾಡಿ ಹೊರಡಲು ಇವುಗಳ ಅನುಮತಿ ಬೇಕು. ಯಾವ ಸ್ಥಿತಿಯಲ್ಲಿ ಆ ಅನುಮತಿ ನೀಡಬಹುದು ಎಂಬುದರಲ್ಲಿ ಎ ಮತ್ತು ಬಿ ಬಗೆಗಳಿಗೆ ವ್ಯತ್ಯಾಸವಿದೆ. ಸಿ ಬಗೆಯಲ್ಲಿ ಪ್ರಯಾಣಿಕರಿಗಾಗಿ ಗಾಡಿ ನಿಲ್ಲುವುದಿಲ್ಲ. ಎರಡು ಬ್ಲಾಕ್ ನಿಲ್ದಾಣಗಳ ನಡುವೆ ಜನರು ಹತ್ತಿ ಇಳಿಯಲು ಮಾತ್ರ ಇರುವ ಹಾಲ್ಟ್‌ಗಳು ಡಿ ಬಗೆಗೆ ಸೇರುತ್ತವೆ. ಈ ಅಕ್ಷರಗಳು ಚಾಲಕರಿಗೆ ಮತ್ತು ಸ್ಟೇಷನ್ ಮಾಸ್ಟರರಿಗೆ ಸಂಬಂಧಿಸಿದವು. ಪ್ರಯಾಣಿಕರ ಸೌಕರ್ಯಕ್ಕೆ ಸಂಬಂಧಿಸಿದವಲ್ಲ.

ಹಳೆಯ ಪದ್ಧತಿ

ಸೌಕರ್ಯಗಳ ದೃಷ್ಟಿಯಿಂದ 2017ರವರೆಗೆ ಜಾರಿಯಲ್ಲಿದ್ದುದು ಎ-1, ಎ, ಬಿ, ಸಿ, ಡಿ, ಇ, ಎಫ್ ಎಂಬ ಏಳು ವರ್ಗಗಳ ಪದ್ಧತಿ. ಪ್ರಯಾಣಿಕರ ಟಿಕೆಟಿನಿಂದ ಬರುವ ವಾರ್ಷಿಕ ವರಮಾನವೇ ಇದರ ಮುಖ್ಯ ಆಧಾರ. ಉಪನಗರ ನಿಲ್ದಾಣಗಳನ್ನು ‘ಸಿ’ ವರ್ಗಕ್ಕೂ ಹಾಲ್ಟ್‌ಗಳನ್ನು ‘ಎಫ್’ ವರ್ಗಕ್ಕೂ ಸೇರಿಸಲಾಗಿತ್ತು.

ಈ ಪದ್ಧತಿಯಲ್ಲಿ ಒಂದು ಕೊರತೆಯಿತ್ತು. ದೂರದ ಊರಿಗೆ ಹೋಗುವ ಒಬ್ಬ ಪ್ರಯಾಣಿಕನ ಟಿಕೆಟ್ಟು ಅಕ್ಕಪಕ್ಕದ ಊರುಗಳಿಗೆ ಓಡಾಡುವ ಹತ್ತಾರು ಜನರ ಟಿಕೆಟ್ಟಿಗೆ ಸಮನಾಗುತ್ತದೆ. ಆದರೆ ನೀರು, ನೆರಳು, ಶೌಚಾಲಯ, ಮೇಲ್ಸೇತುವೆಗಳ ಅಗತ್ಯವನ್ನು ನಿರ್ಧರಿಸುವುದು ಜನಸಂಖ್ಯೆಯೇ ಹೊರತು ಟಿಕೆಟ್ಟಿನ ಬೆಲೆಯಲ್ಲ. ದಿನನಿತ್ಯ ಕೆಲಸಕ್ಕೆ ಹೋಗಿಬರುವ ಕಡಿಮೆ ದರದ ಪ್ರಯಾಣಿಕರು ತುಂಬಿದ ನಿಲ್ದಾಣವು ವರಮಾನದ ಲೆಕ್ಕದಲ್ಲಿ ಹಿಂದೆ ಬೀಳುತ್ತಿತ್ತು.

ಈಗಿನ ಪದ್ಧತಿ

2017ರ ಪರಿಷ್ಕರಣೆಯಲ್ಲಿ ವರಮಾನದೊಂದಿಗೆ ಆ ನಿಲ್ದಾಣದಿಂದ ಹೊರಡುವ ಪ್ರಯಾಣಿಕರ ಸಂಖ್ಯೆಯನ್ನೂ ಆಧಾರವಾಗಿ ಸೇರಿಸಲಾಯಿತು. ನಿಲ್ದಾಣಗಳನ್ನು ಮೂರು ಗುಂಪು ಮಾಡಲಾಯಿತು: ಉಪನಗರೇತರ ನಿಲ್ದಾಣಗಳು (ಎನ್‌ಎಸ್‌ಜಿ), ಉಪನಗರ ನಿಲ್ದಾಣಗಳು (ಎಸ್‌ಜಿ) ಮತ್ತು ಹಾಲ್ಟ್‌ಗಳು (ಎಚ್‌ಜಿ). ಮೊದಲನೆಯ ಗುಂಪಿನಲ್ಲಿ ಆರು, ಉಳಿದೆರಡರಲ್ಲಿ ಮೂರು ಮೂರು ದರ್ಜೆಗಳಿವೆ. ಉಪನಗರೇತರ ನಿಲ್ದಾಣಗಳಿಗೆ ಆಗ ಗೊತ್ತುಪಡಿಸಿದ ವಾರ್ಷಿಕ ಮಿತಿಗಳು ಹೀಗಿವೆ:

ಎನ್‌ಎಸ್‌ಜಿ-1: 500 ಕೋಟಿ ರೂಪಾಯಿಗಿಂತ ಹೆಚ್ಚು ವರಮಾನ, ಅಥವಾ 2 ಕೋಟಿಗಿಂತ ಹೆಚ್ಚು ಪ್ರಯಾಣಿಕರು.
ಎನ್‌ಎಸ್‌ಜಿ-2: 100ರಿಂದ 500 ಕೋಟಿ ರೂಪಾಯಿ, ಅಥವಾ 1ರಿಂದ 2 ಕೋಟಿ ಪ್ರಯಾಣಿಕರು.
ಎನ್‌ಎಸ್‌ಜಿ-3: 20ರಿಂದ 100 ಕೋಟಿ ರೂಪಾಯಿ, ಅಥವಾ 50 ಲಕ್ಷದಿಂದ 1 ಕೋಟಿ ಪ್ರಯಾಣಿಕರು.
ಎನ್‌ಎಸ್‌ಜಿ-4: 10ರಿಂದ 20 ಕೋಟಿ ರೂಪಾಯಿ, ಅಥವಾ 20ರಿಂದ 50 ಲಕ್ಷ ಪ್ರಯಾಣಿಕರು.
ಎನ್‌ಎಸ್‌ಜಿ-5: 1ರಿಂದ 10 ಕೋಟಿ ರೂಪಾಯಿ, ಅಥವಾ 10ರಿಂದ 20 ಲಕ್ಷ ಪ್ರಯಾಣಿಕರು.
ಎನ್‌ಎಸ್‌ಜಿ-6: 1 ಕೋಟಿ ರೂಪಾಯಿವರೆಗೆ, 10 ಲಕ್ಷ ಪ್ರಯಾಣಿಕರವರೆಗೆ.

ಉಪನಗರ ನಿಲ್ದಾಣಗಳಲ್ಲಿ ಮೊದಲ ದರ್ಜೆಗೆ 25 ಕೋಟಿ ರೂಪಾಯಿಗಿಂತ ಹೆಚ್ಚು ವರಮಾನ ಅಥವಾ 3 ಕೋಟಿಗಿಂತ ಹೆಚ್ಚು ಪ್ರಯಾಣಿಕರಿರಬೇಕು. ಎರಡನೆಯದಕ್ಕೆ 10ರಿಂದ 25 ಕೋಟಿ ರೂಪಾಯಿ ಅಥವಾ 1ರಿಂದ 3 ಕೋಟಿ ಪ್ರಯಾಣಿಕರು. ಅದಕ್ಕಿಂತ ಕಡಿಮೆಯಾದರೆ ಮೂರನೆಯ ದರ್ಜೆ. ಹಾಲ್ಟ್‌ಗಳಿಗೂ ಇದೇ ಕ್ರಮದಲ್ಲಿ ಚಿಕ್ಕ ಮಿತಿಗಳಿವೆ.

‘ಅಥವಾ’ ಎಂಬ ಪದದ ಮಹತ್ವವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಒಂದು ಉಪನಗರ ನಿಲ್ದಾಣದಿಂದ ವರ್ಷಕ್ಕೆ ಮೂರೂವರೆ ಕೋಟಿ ಜನರು ಹೊರಡುತ್ತಾರೆ, ತಲಾ ಸರಾಸರಿ 6 ರೂಪಾಯಿ ತೆರುತ್ತಾರೆ ಎಂದಿಟ್ಟುಕೊಳ್ಳೋಣ. ವರಮಾನ 21 ಕೋಟಿ ರೂಪಾಯಿ. ಹಣವನ್ನಷ್ಟೇ ನೋಡಿದರೆ ಇದು ಎರಡನೆಯ ದರ್ಜೆ. ಜನರನ್ನು ಎಣಿಸಿದರೆ ಮೊದಲ ದರ್ಜೆ. ಮುಂಬಯಿ, ಚೆನ್ನೈಗಳಂಥ ನಗರಗಳಲ್ಲಿ ನಿತ್ಯವೂ ಲೋಕಲ್ ಗಾಡಿ ಹಿಡಿಯುವ ದುಡಿಯುವ ಜನರಿಗೆ ಈ ವ್ಯತ್ಯಾಸ ಚಿಕ್ಕದೇನಲ್ಲ.

ದರ್ಜೆ ಮತ್ತು ಸೌಕರ್ಯ

ಸೌಕರ್ಯಗಳನ್ನು ಕನಿಷ್ಠ ಅವಶ್ಯಕ, ಶಿಫಾರಸು ಮಾಡಲಾದ ಮತ್ತು ಅಪೇಕ್ಷಣೀಯ ಎಂದು ಮೂರು ಹಂತಗಳಲ್ಲಿ ಗುರುತಿಸಲಾಗಿದೆ. ಕುಡಿಯುವ ನೀರು, ಕೂರುವ ಆಸನ, ನೆರಳು, ಬೆಳಕು, ಶೌಚಾಲಯ ಮೊದಲಾದವುಗಳ ಕನಿಷ್ಠ ಪ್ರಮಾಣವು ನಿಲ್ದಾಣದ ದರ್ಜೆಯಿಂದ ನಿರ್ಧಾರವಾಗುತ್ತದೆ. ಅದರ ಮೇಲಿನ ಪ್ರಮಾಣವನ್ನು ದಟ್ಟಣೆಯ ಹೊತ್ತಿನಲ್ಲಿ ಸೇರುವ ಜನಸಂಖ್ಯೆಯನ್ನು ಗಮನಿಸಿ ಲೆಕ್ಕ ಹಾಕಲಾಗುತ್ತದೆ. ಲಿಫ್ಟ್, ಚಲಿಸುವ ಮೆಟ್ಟಿಲುಗಳಂಥವು ದೊಡ್ಡ ನಿಲ್ದಾಣಗಳಿಗೆ ಮೊದಲು ದೊರೆಯುತ್ತವೆ. ಅತಿ ಚಿಕ್ಕ ಹಾಲ್ಟ್‌ಗೂ ಟಿಕೆಟ್ ನೀಡುವ ಏರ್ಪಾಡು, ಕುಡಿಯುವ ನೀರು, ನೆರಳು, ರಾತ್ರಿ ಗಾಡಿ ನಿಲ್ಲುವೆಡೆ ದೀಪ ಇರಬೇಕೆಂಬುದು ಈ ಕ್ರಮದ ಆಶಯ.

ದರ್ಜೆಗೂ ಗಾಡಿಗಳ ನಿಲುಗಡೆಗೂ ನೇರ ಸಂಬಂಧವಿಲ್ಲ. ಪ್ರಯಾಣಿಕರ ಬೇಡಿಕೆ, ಮಾರ್ಗದ ದಟ್ಟಣೆ, ಗಾಡಿಯ ವೇಳೆ ಇವನ್ನು ಪರಿಶೀಲಿಸಿ ನಿಲುಗಡೆ ನೀಡಲಾಗುತ್ತದೆ. ಅನೇಕ ವೇಳೆ ಅದನ್ನು ಮೊದಲು ಪ್ರಾಯೋಗಿಕವಾಗಿ ನೀಡಿ, ಅಲ್ಲಿ ಮಾರಾಟವಾದ ಟಿಕೆಟ್ಟುಗಳನ್ನು ನೋಡಿ ಮುಂದುವರಿಸುವ ಬಗ್ಗೆ ತೀರ್ಮಾನಿಸುತ್ತಾರೆ.

ಪ್ರಯಾಣಿಕರ ಪಾತ್ರ

ಎರಡು ಸಂದರ್ಭಗಳಲ್ಲೂ ಲೆಕ್ಕಕ್ಕೆ ಬರುವುದು ಟಿಕೆಟ್ಟು. ಹಳ್ಳಿಯ ಹಾಲ್ಟ್‌ನಲ್ಲಿ ನೂರು ಜನರು ಗಾಡಿ ಹತ್ತಿ ನಲವತ್ತು ಮಂದಿ ಮಾತ್ರ ಟಿಕೆಟ್ ಕೊಂಡರೆ, ದಾಖಲೆಯಲ್ಲಿ ಆ ಊರಿನ ಪ್ರಯಾಣಿಕರು ನಲವತ್ತೇ. ಉಳಿದ ಅರವತ್ತು ಮಂದಿಯ ನೀರು, ನೆರಳುಗಳ ಅಗತ್ಯ ಕಾಗದದಲ್ಲಿ ಕಾಣುವುದೇ ಇಲ್ಲ. ಕಮಿಷನ್ ಆಧಾರದ ಮೇಲೆ ಟಿಕೆಟ್ ಮಾರುವ ಹಾಲ್ಟ್ ಏಜೆಂಟನ ಜೀವನೋಪಾಯಕ್ಕೂ ಇದರಿಂದ ಪೆಟ್ಟು ಬೀಳುತ್ತದೆ.

ತಮ್ಮ ನಿಲ್ದಾಣದ ದರ್ಜೆಯನ್ನು ತಿಳಿದವರು ಕೊರತೆಯನ್ನು ಖಚಿತವಾಗಿ ಹೇಳಬಲ್ಲರು. ನಿಲ್ದಾಣದಲ್ಲಿರುವ ದೂರು ಪುಸ್ತಕದಲ್ಲಿ ಬರೆಯುವಾಗಲೂ, 139 ಸಂಖ್ಯೆಗೆ ಕರೆ ಮಾಡುವಾಗಲೂ ‘ಸೌಲಭ್ಯವಿಲ್ಲ’ ಎಂದಷ್ಟೇ ಹೇಳುವುದಕ್ಕಿಂತ ‘ಈ ದರ್ಜೆಗೆ ಇರಬೇಕಾದ ಇಂಥ ಸೌಲಭ್ಯ ಇಲ್ಲಿಲ್ಲ’ ಎಂದು ತಿಳಿಸುವುದು ಹೆಚ್ಚು ಪರಿಣಾಮಕಾರಿ.