ಒಂದು ಕಡೆ ಕೊಯ್ಯೋದೋ, ಎರಡು ಕಡೆಯೋ?

ಪ್ರಶ್ನೆ: ಡಾಕ್ಟ್ರೇ, ನಾನು ಬಡಗಿ, ವಯಸ್ಸು 46. ಹತ್ತು ದಿನದ ಹಿಂದೆ ಬೀರು ಇಳಿಸುವಾಗ ಬಲ ಮೊಣಕೈಯಲ್ಲಿ ‘ಟಪ್’ ಅಂತ ಸದ್ದಾಯಿತು. ಬೈಸೆಪ್ಸ್ ಟೆಂಡನ್ ಪೂರ್ತಿ ಕಿತ್ತಿದೆ ಎಂದು ಎಂಆರ್‌ಐ ರಿಪೋರ್ಟ್ ಬಂದಿದೆ. ಒಬ್ಬ ಡಾಕ್ಟರು ಒಂದೇ ಕಡೆ ಕೊಯ್ದು ಬಟನ್ ಹಾಕ್ತೀನಿ ಅಂತಾರೆ, ಇನ್ನೊಬ್ಬರು ಎರಡು ಕಡೆ ಕೊಯ್ಯಬೇಕು ಅಂತಾರೆ. ಮನೆಯವರು ನಾಟಿ ಕಟ್ಟು ಸಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ನಾಟಿ ಕಟ್ಟಿನ ಯೋಚನೆ ಬಿಡಿ. ಕಿತ್ತ ಸ್ನಾಯುರಜ್ಜು (ಟೆಂಡನ್) ತೋಳಿನೊಳಗೆ ಮೇಲಕ್ಕೆ ಸರಿದಿರುತ್ತದೆ; ಹೊರಗಿನಿಂದ ಎಷ್ಟು ಬಿಗಿದರೂ ಎಲುಬಿಗೆ ಮರಳದು. ಎಣ್ಣೆ ಹಾಕಿ ನೀವಿಸುವುದೂ ಬೇಡ.

ಕೈ ಮಡಚಲು ಬೇರೆ ಸ್ನಾಯುಗಳೂ ಇವೆ. ಆದರೆ ಅಂಗೈ ಮೇಲಾಗುವಂತೆ ಮುಂಗೈ ತಿರುಗಿಸುವ ಬಲದ ದೊಡ್ಡ ಪಾಲು ಬೈಸೆಪ್ಸ್‌ನದೇ. ನೀವು ಬಲಗೈಯಲ್ಲಿ ಸ್ಕ್ರೂ ಬಿಗಿಯುವುದು ಇದೇ ತಿರುವಿನಿಂದ. ಹಾಗೇ ಬಿಟ್ಟರೆ ಈ ಬಲ ಸುಮಾರು ಶೇ 40ರಷ್ಟು ಕುಗ್ಗುತ್ತದೆ. ಭಾರದ ಕೆಲಸವಿಲ್ಲದ ಹಿರಿಯರಿಗಾದರೆ ಆಪರೇಷನ್ ಬೇಡ ಎನ್ನುತ್ತಿದ್ದೆ; ನಿಮಗೆ ಹಾಗೆ ಹೇಳಲಾರೆ.

ಒಂದು ಕೊಯ್ತದ ವಿಧಾನದಲ್ಲಿ ಮೊಣಕೈ ಮುಂದೆ ಮಾತ್ರ ಕೊಯ್ಯುತ್ತಾರೆ. ರಜ್ಜಿಗೆ ಹೊಲಿದ ಪುಟ್ಟ ಲೋಹದ ಬಟನ್ನನ್ನು ಎಲುಬಿನ ತೂತಿನಲ್ಲಿ ಆಚೆಗೆ ದಾಟಿಸಿ ಅಡ್ಡ ತಿರುಗಿಸುತ್ತಾರೆ. ಹಿಡಿತ ಗಟ್ಟಿ. ಆದರೆ ಚರ್ಮದ ನರವೊಂದು ಎಳೆತಕ್ಕೆ ಸಿಕ್ಕಿ ಮುಂಗೈಯ ಹೊರಬದಿ ಜೋಮು ಹಿಡಿಯಬಹುದು; ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಹೋಗುತ್ತದೆ. ಎರಡು ಕೊಯ್ತದ ವಿಧಾನ ಬಾಯ್ಡ್ ಮತ್ತು ಆಂಡರ್ಸನ್ ಎಂಬ ಶಸ್ತ್ರವೈದ್ಯರು 1961ರಲ್ಲಿ ವಿವರಿಸಿದ್ದು. ರಜ್ಜು ಅದರ ಮೂಲ ಜಾಗಕ್ಕೆ ಹೆಚ್ಚು ಸರಿಯಾಗಿ ಕೂರುತ್ತದೆ. ಮುಂಗೈಯ ಎರಡು ಎಲುಬುಗಳ ನಡುವೆ ಹೊಸ ಎಲುಬು ಬೆಳೆದು ತಿರುವೇ ನಿಂತುಹೋಗುವುದು ಇದರ ಅಪಾಯ. ಈಗ ಸ್ನಾಯುವನ್ನು ಬಿಡಿಸಿಕೊಂಡು, ಪಕ್ಕದ ಎಲುಬನ್ನು ಮುಟ್ಟದೆ ಒಳಹೋಗುವುದರಿಂದ ಅದು ಅಪರೂಪ.

ಸುಮಾರು 90 ಜನರ ಮೇಲೆ ಕೆನಡಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ಎರಡನ್ನೂ ಹೋಲಿಸಿತು. ಅಲ್ಲಿ ಒಂದು ಕೊಯ್ತಕ್ಕೆ ಬಳಸಿದ್ದು ಬಟನ್ ಅಲ್ಲ, ಎಲುಬಿಗೆ ನೆಟ್ಟು ರಜ್ಜನ್ನು ದಾರದಿಂದ ಬಿಗಿಯುವ ಆ್ಯಂಕರ್. ನೋವಿನಲ್ಲಾಗಲಿ ಕೈಯ ಬಳಕೆಯಲ್ಲಾಗಲಿ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಡಚುವ ಬಲ ಎರಡು ಕೊಯ್ತದವರಲ್ಲಿ ತುಸು ಹೆಚ್ಚಿತ್ತು, ಜೋಮಿನ ತೊಂದರೆ ಒಂದು ಕೊಯ್ತದವರಲ್ಲಿ ಬಹಳ ಹೆಚ್ಚಿತ್ತು.

ನನಗೆ ಆತಂಕ ವಿಧಾನದ್ದಲ್ಲ, ದಿನಗಳದ್ದು. ಎರಡು-ಮೂರು ವಾರದೊಳಗೆ ಮಾಡಿಸಿದರೆ ರಜ್ಜು ಸುಲಭವಾಗಿ ಕೆಳಗೆ ಬರುತ್ತದೆ. ತಡವಾದರೆ ಅದು ಮುದುಡಿ ಸುತ್ತಲಿಗೆ ಅಂಟಿಕೊಳ್ಳುತ್ತದೆ, ಬೇರೆ ಕಡೆಯಿಂದ ರಜ್ಜು ತಂದು ಜೋಡಿಸಬೇಕಾಗಬಹುದು. ಇಬ್ಬರನ್ನೂ ನೇರವಾಗಿ ಕೇಳಿ: ಈ ಆಪರೇಷನ್ ಎಷ್ಟು ಮಾಡಿದ್ದೀರಿ, ಅವರ ಮುಂಗೈ ಪೂರ್ತಿ ತಿರುಗುತ್ತಿದೆಯೇ? ಕೈ ಪಳಗಿದವರನ್ನೇ ಆರಿಸಿ, ಅವರಿಗೆ ರೂಢಿಯಾದ ವಿಧಾನವನ್ನೇ ಒಪ್ಪಿ.

ಬೀಡಿ ಸೇದುತ್ತಿದ್ದರೆ ಇವತ್ತೇ ನಿಲ್ಲಿಸಿ. ಆಪರೇಷನ್ ಆದಮೇಲೆ ಸುಮಾರು ಮೂರು ತಿಂಗಳು ಭಾರ ಎತ್ತುವಂತಿಲ್ಲ, ಪೂರ್ತಿ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು ಬೇಕು. ಒಪ್ಪಿಕೊಂಡ ಕೆಲಸಗಳನ್ನು ಈಗಲೇ ಜೊತೆಗಾರರಿಗೆ ವಹಿಸಿಬಿಡಿ.