ಕುದುರೆ ಹತ್ತುವ ಮುಂಚೆ ಜಡೆ

ರಿಪ್ಪನ್‌ಪೇಟೆಯ ವೃತ್ತದಲ್ಲಿ ನಿಂತರೆ ಸಾಗರಕ್ಕೂ ಬಸ್ಸು ಸಿಗುತ್ತದೆ, ತೀರ್ಥಹಳ್ಳಿಗೂ ಸಿಗುತ್ತದೆ, ಹೊಸನಗರಕ್ಕೂ ಶಿವಮೊಗ್ಗಕ್ಕೂ ಸಿಗುತ್ತದೆ. ಕುದುರೆ ಮಾತ್ರ ಸಿಗುವುದಿಲ್ಲ. ಹಾಗಿದ್ದೂ ಈ ಪಟ್ಟಿ ಬರೆಯುವ ಪ್ರಸಂಗ ಬಂದದ್ದು ಅಕ್ಕನ ಮಗಳ ದೆಸೆಯಿಂದ. ಅವಳಿಗೆ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. 1958ರಲ್ಲಿ ಶುರುವಾದ ಕಾಲೇಜು. ಅಲ್ಲೇ ಹೆಬ್ಬಾಳದಲ್ಲಿ ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರ್ನರಿ ಘಟಕವೂ ಇದೆ. ನಮ್ಮ ಬಾಯಲ್ಲಿ ಅದು ‘ಕುದುರೆ ಎನ್‌ಸಿಸಿ’. ಸೀಟು ಸಿಕ್ಕಿದ ಸುದ್ದಿಯ ಬೆನ್ನಿಗೇ ಅವಳ ಪ್ರಶ್ನೆ ಬಂತು: “ಚಿಕ್ಕಮ್ಮಾ, ಕೂದಲು ಕತ್ತರಿಸಿಬಿಡ್ಲಾ?”

ಸೊಂಟ ದಾಟಿದ ಕೂದಲು ಅವಳದ್ದು. ನನ್ನದೂ ಅಷ್ಟೇ ಉದ್ದ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಆರು ವರ್ಷ ಭಾನುವಾರ ಭಾನುವಾರ ಸವಾರಿ ಕಲಿತೆ, ಬಿದ್ದೆ, ಎದ್ದೆ, ಕತ್ತರಿ ಮಾತ್ರ ತಾಗಿಸಲಿಲ್ಲ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿದ್ದೇನೆ.

1. ಕತ್ತರಿ ಕೆಳಗಿಡಿ.
ಉದ್ದ ಕೂದಲಿನಿಂದ ಯಾರೂ ಕುದುರೆಯಿಂದ ಬೀಳುವುದಿಲ್ಲ. ಬೀಳುವುದು ಬಿಚ್ಚಿದ ಕೂದಲಿನಿಂದ, ತಪ್ಪು ಜಾಗದಲ್ಲಿ ಕಟ್ಟಿದ ಕೂದಲಿನಿಂದ. ಭುಜದವರೆಗೆ ಕತ್ತರಿಸಿ ಬಿಟ್ಟುಕೊಂಡ ಕೂದಲೇ ಹೆಚ್ಚು ಕಾಟ: ಕಟ್ಟಲು ಸಾಲದು, ಕಣ್ಣಿಗೆ ಬಡಿಯದೆ ಬಿಡದು.

2. ಹೆಲ್ಮೆಟ್ ಕೂರಬೇಕಾದ್ದು ತಲೆಯ ಮೇಲೆ, ಕೂದಲಿನ ಮೇಲಲ್ಲ.
ಇದೊಂದು ತಿಳಿದರೆ ಅರ್ಧ ಕಲಿತಂತೆ. ನಾನು ಕಲಿತದ್ದು ಮರಳಿನಲ್ಲಿ ಮಲಗಿ.

ಶುರುವಿನ ದಿನಗಳು. ನೆತ್ತಿಯ ಹಿಂದೆ ಎತ್ತರಕ್ಕೆ ಕುದುರೆಬಾಲ ಕಟ್ಟಿ, ಅದನ್ನು ಸುತ್ತಿ, ದೊಡ್ಡ ಪ್ಲಾಸ್ಟಿಕ್ ಕ್ಲಿಪ್ ಕಚ್ಚಿಸಿ, ಮೇಲೆ ಹೆಲ್ಮೆಟ್ ಒತ್ತಿದ್ದೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಹಗ್ಗ ಹಿಡಿದು ಸುತ್ತಿಸುತ್ತಿದ್ದವರೂ ಏನೂ ಅನ್ನಲಿಲ್ಲ. ಕುದುರೆ ನಡೆಯುವಷ್ಟು ಹೊತ್ತು ಸರಿಯಿತ್ತು. ಕುಕ್ಕುಲೋಟಕ್ಕೆ ಬಿಟ್ಟ ಕೂಡಲೇ ಒಂದೊಂದು ಕುಕ್ಕಿಗೂ ಹಿಂದಿನ ಗಂಟು ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳತೊಡಗಿತು. ನಾಲ್ಕನೇ ಸುತ್ತಿಗೆ ಅದರ ಅಂಚು ಹುಬ್ಬಿನ ಮೇಲೆ, ಐದನೆಯದಕ್ಕೆ ಕಣ್ಣಿನ ಮೇಲೆ. ಅದನ್ನು ಮೇಲೆತ್ತಲು ಒಂದು ಕೈಯನ್ನು ಲಗಾಮಿನಿಂದ ಬಿಟ್ಟೆ. ಇನ್ನೊಂದು ಕೈ ತಾನಾಗಿ ಬಿಗಿಯಿತು. ಬಾಯಿಯ ಒಂದೇ ಬದಿಗೆ ಎಳೆತ ತಾಗಿದ ಕುದುರೆ ಸಹಜವಾಗಿ ಆ ಬದಿಗೆ ತಿರುಗಿತು, ನಾನು ನೇರ ಹೋದೆ. ಬಿದ್ದದ್ದು ಬೆನ್ನಿಗೆ. ಕ್ಲಿಪ್ಪಿನ ಮೂರು ಹಲ್ಲು ಮುರಿದು ತಲೆಯ ಚರ್ಮಕ್ಕೆ ಒತ್ತಿ ರಕ್ತ ಜಿನುಗಿತ್ತು. ಕುದುರೆ ಪಾಪ ಅಲ್ಲೇ ನಿಂತು ನನ್ನನ್ನೇ ನೋಡುತ್ತಿತ್ತು.

ಹೆಲ್ಮೆಟ್ಟಿನ ಒಳಗಿರುವುದು ಥರ್ಮೋಕೋಲಿನ ಜಾತಿಯ ಗಟ್ಟಿ ನೊರೆ. ಬಿದ್ದಾಗ ತಾನು ಜಜ್ಜಿಹೋಗಿ ತಲೆಗೆ ತಾಗುವ ಪೆಟ್ಟನ್ನು ಅದು ನುಂಗುತ್ತದೆ. ನೊರೆಗೂ ತಲೆಗೂ ನಡುವೆ ಕೂದಲಿನ ಉಂಡೆಯಿದ್ದರೆ ಹೆಲ್ಮೆಟ್ ವಾಲುತ್ತದೆ, ಹಣೆಯೋ ಹಿಂದಲೆಯೋ ಬಯಲಾಗುತ್ತದೆ. ಹುಬ್ಬಿನ ಮೇಲೆ ಸುಮಾರು ಎರಡು ಬೆರಳಗಲ ಬಿಟ್ಟು, ನೆಟ್ಟಗೆ, ಸುತ್ತಲೂ ಒಂದೇ ಸಮ ತಾಗಿ ಕೂತಿರಬೇಕು. ಗಲ್ಲಪಟ್ಟಿ ಕಟ್ಟದೆಯೇ ಬಗ್ಗಿ ತಲೆ ಅಲ್ಲಾಡಿಸಿ ನೋಡಿ. ಜಾರಿದರೆ ನಿಮ್ಮ ಜಡೆ ತಪ್ಪು, ಇಲ್ಲವೇ ಅಳತೆ ತಪ್ಪು. ಕೊಳ್ಳಲು ಅಂಗಡಿಗೆ ಹೋಗುವ ದಿನವೂ ಸವಾರಿಯ ದಿನದಂತೆಯೇ ಜಡೆ ಹಾಕಿಕೊಂಡು ಹೋಗಿ.

3. ಶಾಲೆಗೆ ಹೋಗುವಾಗಿನ ಎರಡು ಜಡೆ ಹಾಕಿ.
ಬಿದ್ದ ಮೇಲೆ ನಾನು ಏನೇನೋ ಪ್ರಯೋಗ ಮಾಡಿದೆ. ಕೊನೆಗೆ ಉತ್ತರ ಸಿಕ್ಕಿದ್ದು ದಸರಾ ರಜೆಗೆ ಊರಿಗೆ ಬಂದಾಗ, ನಮ್ಮ ಮನೆಯ ಜಗಲಿಯಲ್ಲಿ. ಅಜ್ಜಿ ಪಕ್ಕದ ಮನೆಯ ಹುಡುಗಿಯನ್ನು ಮಂಡಿಯ ನಡುವೆ ಕೂರಿಸಿಕೊಂಡು ಎರಡು ಜಡೆ ಮಡಚಿ ರಿಬ್ಬನ್ ಕಟ್ಟುತ್ತಿದ್ದರು. ಆ ಹುಡುಗಿಯ ಹಿಂದಲೆ ನೋಡಿದೆ: ಬೋಳುಗುಡ್ಡದ ಹಾಗೆ ನುಣ್ಣಗೆ, ಒಂದು ಉಬ್ಬಿಲ್ಲ. ಹೆಲ್ಮೆಟ್ ಬೇಡುವುದು ಅದನ್ನೇ.

ವಿಧಾನ ಹೀಗೆ. ಹಣೆಯಿಂದ ಕುತ್ತಿಗೆಯ ಕುಳಿಯವರೆಗೆ ನೇರ ಬೈತಲೆ ತೆಗೆಯಿರಿ. ಎರಡು ಪಾಲಿನಲ್ಲೂ ಜಡೆ ಶುರುವಾಗಬೇಕಾದ್ದು ಕಿವಿಯ ಹಾಲೆಯ ಕೆಳಗೆ, ಅದಕ್ಕಿಂತ ಮೇಲಲ್ಲ. ಮೇಲಿನ ಭಾಗವನ್ನು ಬಾಚಣಿಗೆಯಿಂದ ತಲೆಗೆ ಅಂಟುವಂತೆ ಎಳೆಯಿರಿ, ಹೆಣೆಯಬೇಡಿ. ಮೂರು ಕಾಲಿನ ಸಾದಾ ಜಡೆ ಸಾಕು. ತುದಿಯವರೆಗೆ ಹೆಣೆದು, ಅದನ್ನು ಬುಡಕ್ಕೆ ಮಡಚಿ, ಬಟ್ಟೆಯ ರಿಬ್ಬನ್ನಿನಿಂದ ಕಟ್ಟಿ. ಸೊಂಟದುದ್ದದ ಕೂದಲಾದರೆ ಎರಡು ಮಡಿಕೆ ಬೇಕಾಗುತ್ತದೆ. ಇಷ್ಟಾದ ಮೇಲೆ ಎರಡನ್ನೂ ಕುತ್ತಿಗೆಯ ಹಿಂದೆ ಒಂದಕ್ಕೊಂದು ಸೇರಿಸಿ ಇನ್ನೊಂದು ಗಂಟು ಹಾಕಿ. ಈ ಗಂಟು ಹಾಕದಿದ್ದರೆ ನಾಗಾಲೋಟದಲ್ಲಿ ಎರಡೂ ಕೆನ್ನೆಗೆ ತಮಟೆ ಬಡಿಯುತ್ತವೆ.

ಗಲ್ಲಪಟ್ಟಿ ಕಿವಿಯ ಮುಂದೆ ಹಿಂದೆ ಕವಲೊಡೆದು ಇಳಿಯುತ್ತದಲ್ಲ, ಜಡೆ ಆ ಕವಲಿನ ಹಿಂದಿರಲಿ. ಮುಂದೆ ಬಂದರೆ ಬಕಲಿಗೆ ಸಿಕ್ಕಿ, ಬಿಚ್ಚುವಾಗ ಕಣ್ಣೀರು ಬರಿಸುತ್ತದೆ.

ನಲವತ್ತರ ವಯಸ್ಸಿಗೆ ಎರಡು ಜಡೆ ನಾಚಿಕೆಯೇ? ಹೆಲ್ಮೆಟ್ ಹಾಕಿದ ಮೇಲೆ ಯಾರಿಗೆ ಕಾಣುತ್ತದೆ ಮಾರಾಯ್ತಿ.

4. ಒಂದೇ ಜಡೆ ಬೇಕೆನ್ನುವವರು ತುರುಬನ್ನು ಕೆಳಗಿಳಿಸಿ.
ಕುತ್ತಿಗೆಯ ಮೇಲೆ, ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ, ಚಪ್ಪಟೆಯಾಗಿ ಸುತ್ತಿ ಬಲೆ ಹಾಕಿ. ಉಂಡೆ ಮಾಡಬೇಡಿ, ತಲೆಯೆತ್ತಿದಾಗ ಹೆಲ್ಮೆಟ್ಟಿನ ಹಿಂಬದಿ ಅದಕ್ಕೆ ತಾಗಿ ಮುಂದೆ ಜಿಗಿಯುತ್ತದೆ. ಜಡೆಯನ್ನು ರಕ್ಷಾಕವಚದ ಒಳಗೆ ಬೆನ್ನಿಗೆ ತುರುಕುವವರನ್ನೂ ಕಂಡಿದ್ದೇನೆ. ಬೆನ್ನಿಗೆ ಬಿದ್ದರೆ ಬೆನ್ನುಮೂಳೆಯ ನೇರಕ್ಕೆ ಒಂದು ಹಗ್ಗದ ಸುರುಳಿಯ ಮೇಲೆ ಬಿದ್ದ ಹಾಗೆ. ಬೇಡ.

5. ತಲೆಯಲ್ಲಿ ಗಟ್ಟಿ ವಸ್ತು ಇರಕೂಡದು.
ಹೇರ್‌ಪಿನ್, ಯು-ಪಿನ್, ಕ್ಲಿಪ್, ಜಡೆಬಿಲ್ಲೆ, ಮಣಿ ಪೋಣಿಸಿದ ಕುಚ್ಚು, ಯಾವುದೂ ಬೇಡ. ಚೌರಿಯೂ ಬೇಡ. ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡ್, ರಿಬ್ಬನ್, ಬಲೆ: ಈ ಮೂರರಲ್ಲಿ ಆಗದ ಕೆಲಸವಿಲ್ಲ.

6. ಹೂವು ಮುಡಿದು ಲಾಯಕ್ಕೆ ಹೋಗಬೇಡಿ.
ಮಲ್ಲಿಗೆ ದಂಡೆ ಮುಡಿದರೆ ಆಗುವುದು ಇಷ್ಟೇ, ಹಿಂದಿನಿಂದ ಕುದುರೆ ಮೂಗು ತೂರಿಸಿ ತಿಂದುಬಿಡುತ್ತದೆ. ಕಣಗಿಲೆಯಾದರೆ ಆಟವಲ್ಲ. ಆ ಗಿಡದ ಎಲೆ, ಹೂವು, ಕಡ್ಡಿ, ಹಸಿಯೋ ಒಣಗಿದ್ದೋ, ಎಲ್ಲವೂ ಕುದುರೆಗೆ ವಿಷ. ನೇರ ಹೃದಯಕ್ಕೆ ತಾಗುತ್ತದೆ, ಸ್ವಲ್ಪವೇ ಸಾಕು. ನಮ್ಮೂರ ಅಂಗಳಗಳಲ್ಲಿ ದೇವರಿಗೆಂದು ಬೆಳೆಸುವ ಗಿಡ. ಪೂಜೆ ಮುಗಿಸಿ ಪ್ರಸಾದದ ಹೂವು ಮುಡಿದು ಹೊರಟವರು ದಾರಿಯಲ್ಲೇ ತೆಗೆದು ಚೀಲಕ್ಕೆ ಹಾಕಿಕೊಳ್ಳಿ. ಲಾಯದ ಬಾಗಿಲಲ್ಲಿ ಎಸೆಯಬೇಡಿ.

7. ಎಣ್ಣೆಗೂ ಸ್ನಾನಕ್ಕೂ ಲೆಕ್ಕ ಇಡಿ.
ಮಲೆನಾಡಿನವರ ತಲೆಗೆ ಕೊಬ್ಬರಿ ಎಣ್ಣೆ ಬಿಡಿಸಲು ಸಾಧ್ಯವಿಲ್ಲ, ಬಿಡಿಸಬೇಕಾಗಿಯೂ ಇಲ್ಲ. ಹಚ್ಚುವುದು ಸವಾರಿಯ ದಿನ ಬೆಳಿಗ್ಗೆ ಬೇಡ. ಎಣ್ಣೆ ಒಳಗಿನ ಮೆತ್ತೆಗೆ ಇಳಿದು ಹೆಲ್ಮೆಟ್ ಜಾರುತ್ತದೆ, ತಿಂಗಳಲ್ಲಿ ಕಮಟು ಹಿಡಿಯುತ್ತದೆ. ಹಿಂದಿನ ದಿನ ತಲೆಸ್ನಾನ ಮಾಡಿ.

ಅದೇ ದಿನ ಬೆಳಿಗ್ಗೆ ತಲೆಸ್ನಾನ ಮಾಡಿ ಹೊರಡುವುದೂ ತಪ್ಪೇ. ಮತ್ತಿಸೊಪ್ಪಿನ ಲೋಳೆಯಲ್ಲೋ ದಾಸವಾಳದ ಸೊಪ್ಪಿನಲ್ಲೋ ತೊಳೆದ ಕೂದಲು ರೇಷ್ಮೆಯಾಗುತ್ತದೆ, ನಿಜ. ರೇಷ್ಮೆಯ ಜಡೆ ಅರ್ಧ ಗಂಟೆಯಲ್ಲಿ ತಾನೇ ಬಿಚ್ಚಿಕೊಳ್ಳುತ್ತದೆ. ಒಂದು ದಿನ ಹಳತಾದ ಕೂದಲು ಹಿಡಿದಲ್ಲಿ ನಿಲ್ಲುತ್ತದೆ.

8. ಜಡೆ ಕಟ್ಟಬೇಕಾದ್ದು ಮನೆಯಲ್ಲಿ, ಜೀನಿನ ಮೇಲಲ್ಲ.
ಹತ್ತುವಾಗ ಕಟ್ಟಿಕೊಂಡರಾಯಿತು ಅನ್ನುವವರು ಬಹಳ. ಅದಕ್ಕೂ ಮುಂಚೆ ಅರ್ಧ ಗಂಟೆ ಕುದುರೆಯ ಅಕ್ಕಪಕ್ಕ ಬಗ್ಗಿ ಏಳುವ ಕೆಲಸ ಇರುತ್ತದೆ. ಕಾಲೆತ್ತಿ ಗೊರಸು ಕೆರೆಯುವಾಗ ಜೋಲುವ ಜಡೆ ನೆಲ ತಾಗುತ್ತದೆ, ಕುದುರೆ ಕಾಲಿಟ್ಟರೆ ನೀವು ಬಗ್ಗಿದಲ್ಲೇ ಬಂದಿ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಬಕಲಿಗೆ ಸಿಗುತ್ತದೆ. ಮುಖದ ಹತ್ತಿರ ಹೋದರೆ, ಒಣಹುಲ್ಲಿನ ಹಾಗೆ ಕಾಣುವ ಯಾವುದನ್ನೂ ಕುದುರೆ ಒಮ್ಮೆ ಬಾಯಿಗೆ ಹಾಕಿ ನೋಡದೆ ಬಿಡುವುದಿಲ್ಲ.

ಇನ್ನೊಂದು ವಿಷಯ. ಕುದುರೆಯ ಕಣ್ಣು ತಲೆಯ ಎರಡು ಬದಿಗಿವೆ; ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಬಿಟ್ಟರೆ ಬಹುತೇಕ ಸುತ್ತಲೂ ಅದಕ್ಕೆ ಕಾಣುತ್ತದೆ. ಬೆನ್ನ ಮೇಲೆ ಕೂತವಳ ಬಿಚ್ಚಿದ ಕೂದಲು ಗಾಳಿಗೆ ಪಟಪಟ ಅಂದರೆ ಅದಕ್ಕೆ ಕಾಣುವುದು ಕಣ್ಣಂಚಿನಲ್ಲಿ ಏನೋ ಹಾರಿದಂತೆ. ಓಡಿ ಬದುಕಿದ ಪ್ರಾಣಿ ಅದು. ಮೊದಲು ಹಾರುತ್ತದೆ, ಆಮೇಲೆ ಯೋಚಿಸುತ್ತದೆ.

9. ದುಪಟ್ಟಾ ಮನೆಯಲ್ಲಿರಲಿ.
1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ನರ್ತಕಿ ಇಸಡೋರಾ ಡಂಕನ್ ಸತ್ತದ್ದು ಕೊರಳಿನ ಉದ್ದ ವಸ್ತ್ರ ತೆರೆದ ಕಾರಿನ ಚಕ್ರಕ್ಕೆ ಸುತ್ತಿಕೊಂಡು. ಸ್ಕೂಟಿ ಓಡಿಸುವ ನಮ್ಮೂರ ಹುಡುಗಿಯರಿಗೂ ಇದೇ ಮಾತು. ಅಡಿಕೆ ಸುಲಿಯುವ ಯಂತ್ರದ ಮುಂದೆ ಕೂರುವವರಿಗೂ.

10. ಬೈಕಿನ ಹೆಲ್ಮೆಟ್ ಒಯ್ಯಬೇಡಿ.
ಮನೆಯಲ್ಲಿ ಐಎಸ್ಐ ಗುರುತಿನದೊಂದು ಇದೆಯಲ್ಲ, ಅದೇ ಸಾಕು ಎಂದು ಅಪ್ಪಂದಿರು ಹೇಳುತ್ತಾರೆ. ಅದನ್ನು ಪರೀಕ್ಷಿಸಿರುವುದು ರಸ್ತೆಯ ಅಪಘಾತಕ್ಕೆ. ಭಾರ ಹೆಚ್ಚು, ಮುಖ ಮುಚ್ಚುವಂಥದ್ದಾದರೆ ಬದಿ ಕಾಣುವುದೂ ಕಡಿಮೆ. ಸವಾರಿಯ ಹೆಲ್ಮೆಟ್ಟಿನಲ್ಲಿ ಇಎನ್ 1384 ಅಥವಾ ಎಎಸ್‌ಟಿಎಂ ಎಫ್ 1163 ಎಂಬ ಗುರುತು ಇದೆಯೇ ನೋಡಿ. ತಲೆಗೆ ಪೆಟ್ಟು ಬೀಳುವಂತೆ ಒಮ್ಮೆ ಬಿದ್ದ ಹೆಲ್ಮೆಟ್ ಹೊರಗೆ ಹೊಸದರಂತೆ ಕಂಡರೂ ಒಳಗೆ ಜಜ್ಜಿಹೋಗಿರುತ್ತದೆ. ಅದನ್ನು ತಂಗಿಗೆ ದಾಟಿಸಬೇಡಿ.

11. ಚಿತ್ರದ ಕುದುರೆ ಸವಾರಳನ್ನು ನಂಬಬೇಡಿ.
ಕ್ಯಾಲೆಂಡರಿನಲ್ಲಿ, ನಾಟಕದ ಪರದೆಯಲ್ಲಿ ರಾಣಿಯರು ಕೂದಲು ಹಾರಿಸಿಕೊಂಡು ಕತ್ತಿ ಎತ್ತಿರುತ್ತಾರೆ. ಅದು ಬರೆದವನ ಉತ್ಸಾಹ. ಹೊಸನಗರ ದಾಟಿ ಮುಂದೆ ಹೋದರೆ ಸಿಗುವ ನಗರವೇ ಅಂದಿನ ಬಿದನೂರು, ಕೆಳದಿ ಅರಸರ ರಾಜಧಾನಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡ ಚೆನ್ನಮ್ಮ ಆಳಿದ ಸೀಮೆ ಇದು. ಇಲ್ಲಿನ ದಾರಿ ಎಂದರೆ ಬಿದಿರುಮೆಳೆ, ಮುಳ್ಳು, ಮುಖದ ಮಟ್ಟಕ್ಕೆ ಚಾಚಿದ ಕೊಂಬೆ. ಬಿಚ್ಚುಗೂದಲಿನಲ್ಲಿ ಈ ಕಾಡಿನೊಳಗೆ ಕುದುರೆ ಓಡಿಸಿದವರ ಕೂದಲು ಮೊದಲ ಮೆಳೆಯಲ್ಲೇ ಉಳಿಯುತ್ತಿತ್ತು.

ಸತ್ಯ ಬೇಕಿದ್ದರೆ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಅಂಗಳಕ್ಕೆ ಹೋಗಿ ಕಲ್ಲುಗಳನ್ನು ನೋಡಿ. ನಮ್ಮ ಸೀಮೆಯ ವೀರಗಲ್ಲುಗಳಲ್ಲಿ ಕಾದಾಡುವ ಗಂಡಸರಿಗೂ ಎಷ್ಟೋ ಕಡೆ ಬಿಗಿದ ತುರುಬು. ಉದ್ದ ಕೂದಲಿನ ಯೋಧರು ಕಟ್ಟದೆ ಹೊರಡುತ್ತಿರಲಿಲ್ಲ. ಯಕ್ಷಗಾನದವರನ್ನು ಕೇಳಿ, ಅವರೂ ಅದೇ ಹೇಳುತ್ತಾರೆ: ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟದೆ ಕಿರೀಟ ಇಟ್ಟರೆ ಮೊದಲ ಧಿಗಿಣಕ್ಕೇ ಕೆಳಗೆ.

ಈಗಿನವರಲ್ಲಿ ನೋಡುವುದಾದರೆ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್. ಡ್ರೆಸಾಜ್ ತಂಡ ವಿಭಾಗದಲ್ಲಿ ಭಾರತಕ್ಕೆ ಚಿನ್ನ ಬಂತು, ಕುದುರೆ ಸವಾರಿಯಲ್ಲಿ 41 ವರ್ಷದ ಮೇಲೆ ಬಂದ ಚಿನ್ನ. ನಾಲ್ವರಲ್ಲಿ ಇಬ್ಬರು ಹುಡುಗಿಯರು, ಸುದೀಪ್ತಿ ಹಜೇಲಾ ಮತ್ತು ದಿವ್ಯಾಕೃತಿ ಸಿಂಗ್. ಆ ಆಟದಲ್ಲಿ ಕೂದಲನ್ನು ಕುತ್ತಿಗೆಯ ಮೇಲೆ ಬಲೆ ಹಾಕಿ ಕಟ್ಟುವುದೇ ವಾಡಿಕೆ. ಎತ್ತರದ ಟೋಪಿ ಹಾಕುವ ಹಳೆಯ ಚಂದಕ್ಕೂ ಅಂತರರಾಷ್ಟ್ರೀಯ ಒಕ್ಕೂಟ 2021ರಿಂದ ತೆರೆ ಎಳೆದು ಹೆಲ್ಮೆಟ್ ಕಡ್ಡಾಯ ಮಾಡಿತು. ಕುದುರೆಯ ಕೇಸರವನ್ನೂ ಅಲ್ಲಿ ಪುಟ್ಟ ಪುಟ್ಟ ಜಡೆ ಹೆಣೆದು ಗಂಟು ಹಾಕುತ್ತಾರೆ.

12. ಮಳೆಗಾಲದಲ್ಲಿ ಒದ್ದೆ ತಲೆಗೆ ಹೆಲ್ಮೆಟ್ ಹಾಕಬೇಡಿ.
ಹೊಟ್ಟು, ತುರಿಕೆ, ವಾಸನೆ ಮೂರೂ ಒಟ್ಟಿಗೆ ಬರುತ್ತವೆ. ಮನೆಗೆ ಬಂದ ಕೂಡಲೇ ಜಡೆ ಬಿಚ್ಚಿ ಆರಿಸಿ. ಹೆಲ್ಮೆಟ್ಟನ್ನು ಬೋರಲಾಗಿಸದೆ, ಬಾಯಿ ಮೇಲೆ ಮಾಡಿ ನೆರಳಿನಲ್ಲಿ ಗಾಳಿಗಿಡಿ. ಬಚ್ಚಲೊಲೆಯ ಪಕ್ಕ ಇಟ್ಟರೆ ಬೇಗ ಒಣಗುತ್ತದೆ ಎಂದು ಅಜ್ಜಿ ಹೇಳಿದರು. ಬಿಸಿಗೆ ಒಳಗಿನ ನೊರೆ ಹಾಳಾಗುತ್ತದೆ. ಕಲೆ ತೆಗೆಯಲು ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ, ನೊರೆ ಕರಗಿಯೇ ಹೋಗುತ್ತದೆ.

13. ಸಿಕ್ಕಿಕೊಂಡರೆ ಎಳೆಯಬೇಡಿ.
ಕೂದಲು ಬಕಲಿಗೋ ಕೊಂಬೆಗೋ ಸಿಕ್ಕಿತು ಅಂದುಕೊಳ್ಳಿ. ಕುದುರೆಯನ್ನು ನಿಲ್ಲಿಸಿ. ಕೂಗಬೇಡಿ. ಬುಡದ ಹತ್ತಿರ ಕೂದಲನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದರೆ ನೋವು ತಲೆಗೆ ಏರುವುದಿಲ್ಲ. ಯಾರನ್ನಾದರೂ ಕರೆದು ಮೊದಲು ಕುದುರೆಯ ತಲೆ ಹಿಡಿಸಿ, ಆಮೇಲೆ ಕೂದಲು ಬಿಡಿಸಿ. ಕುದುರೆ ಚಡಪಡಿಸುತ್ತಿದ್ದರೆ ಯೋಚಿಸದೆ ಆ ಎಳೆ ಕತ್ತರಿಸಿ. ಲಾಯದ ಗೋಡೆಯಲ್ಲಿ ಒಂದು ಕತ್ತರಿ ತೂಗುಹಾಕಿರುವುದು ಒಳ್ಳೆಯದು. ಮೊದಲನೆಯ ಸೂತ್ರದಲ್ಲಿ ಕೆಳಗಿಡಿ ಅಂದ ಕತ್ತರಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಇಷ್ಟನ್ನೂ ಕೇಳಿಸಿಕೊಂಡು ಅಕ್ಕನ ಮಗಳು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ರಿಬ್ಬನ್ ಯಾವ ಬಣ್ಣದ್ದು ತಗೊಳ್ಲಿ?”

“ಯಾವುದಾದ್ರೂ ತಗೋ. ತುದಿ ಹಾರಾಡುವಷ್ಟು ಉದ್ದ ಬಿಡಬೇಡ.”